ಹಾಲು ಒಗ್ಗದ ಹುಡುಗಿಯ ಹಲ್ಲು ನೋಡಿದವರಿಗೆ

ರಸೆಲ್ ಮಾರುಕಟ್ಟೆ ಎದುರಿನ ಜಗುಲಿ,
ಬೆಂಗಳೂರು ದಂಡು,
14ನೇ ಸೆಪ್ಟೆಂಬರ್ 1948

ಶಾಲಾ ಹಾಲು ಶಾಖೆಯ ಮಾನ್ಯ ಅಧಿಕಾರಿಗಳೇ,

ಎಂಟು ವರ್ಷದ ಒಬ್ಬ ಹುಡುಗಿಗೆ ಹಾಲು ಒಗ್ಗುವುದಿಲ್ಲ. ಕುಡಿದ ಎರಡು ಗಂಟೆಯೊಳಗೆ ಹೊಟ್ಟೆ ಉಬ್ಬರಿಸಿ, ನುಲಿದು, ಅವಳು ಬರೆಯುವ ಹಲಗೆಯನ್ನು ಹೊಟ್ಟೆಗೆ ಒತ್ತಿಕೊಂಡು ಬಗ್ಗಿ ಕೂರುತ್ತಾಳೆ. ಇದನ್ನು ನೋಡಲಾರದೆ ಅವಳ ಶಾಲೆಯಲ್ಲಿ ಹಾಲು ಕಾಯಿಸುವ ಹೆಂಗಸು ಅವಳಿಗೆ ಹಾಲಿನ ಬದಲು ಒಂದು ಲೋಟ ರಾಗಿ ಗಂಜಿ ಕೊಟ್ಟಳು. ಈ ಘೋರ ಅಪರಾಧವನ್ನು ತಮ್ಮ ಇನ್‌ಸ್ಪೆಕ್ಟರು ಸ್ವತಃ ಪತ್ತೆ ಹಚ್ಚಿ, ಗಂಜಿಯನ್ನು ಮೋರಿಗೆ ಚೆಲ್ಲಿಸಿ, ಹುಡುಗಿಯ ಹೆಸರನ್ನು ಹಾಲು ಮತ್ತು ಬನ್ನಿನ ಪಟ್ಟಿಯಿಂದ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಸರ್ಕಾರವನ್ನು ದೊಡ್ಡ ಗಂಡಾಂತರದಿಂದ ಪಾರುಮಾಡಿದ್ದಾರೆ. ನಾಗರಿಕರ ಪರವಾಗಿ ಮೊದಲು ಅಭಿನಂದನೆಗಳನ್ನು ಸಲ್ಲಿಸುತ್ತೇನೆ. ಜಗಳ ಆಮೇಲೆ ಆಡುತ್ತೇನೆ.

ಈ ಪತ್ರವನ್ನು ತಮ್ಮ ಕಛೇರಿಗೇ ಕಳಿಸಬಹುದಿತ್ತಲ್ಲ, ಪತ್ರಿಕೆಗೆ ಏಕೆ ಕೊಟ್ಟೆ ಎಂದು ತಾವು ಕೇಳಬಹುದು. ತಮ್ಮ ಕಛೇರಿಗೆ ಬಂದ ಅರ್ಜಿ ಯಾವ ಕಿಟಕಿಯಲ್ಲಿ ಮೊಹರು ಹಾಕಿಸಿಕೊಂಡು, ಯಾವ ಮೇಜಿನ ಮೇಲೆ ಮೂರು ವಾರ ಮಲಗಿ, ಕೊನೆಗೆ ಯಾವ ಕಪಾಟಿನ ಯಾವ ಖಾನೆಯಲ್ಲಿ ಶಾಶ್ವತವಾಗಿ ನೆಲೆಸುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಮೂವತ್ತೊಂದು ವರ್ಷ ಆ ಕಪಾಟಿನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಹೌದು ಸ್ವಾಮಿ, ನಾನು ತಮ್ಮ ಕಛೇರಿಯ ಹಳೆಯ ಹುಲಿ. ಕರಡು ಗುಮಾಸ್ತ ಚಲುವಯ್ಯ ಅಂದರೆ ತಮ್ಮ ಹಳೆಯ ಜವಾನರಿಗೆ ಈಗಲೂ ಗೊತ್ತಾಗುತ್ತದೆ. ಕಳೆದ ವರ್ಷ ನಿವೃತ್ತನಾದೆ. ಮನೆಯಲ್ಲಿ ಕೂತರೆ ಕೈ ಬೆರಳು ಜೋಮು ಹಿಡಿಯುತ್ತದೆಂದು ಮಾರುಕಟ್ಟೆಯ ಎದುರು ಒಂದು ಜಗುಲಿ ಹಿಡಿದು, ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ಮೊದಲು ಅರ್ಜಿಗಳನ್ನು ಹೂಳುತ್ತಿದ್ದವನು ಈಗ ಹುಟ್ಟಿಸುತ್ತಿದ್ದೇನೆ. ಪಾಪ ಅಷ್ಟಿಷ್ಟಾದರೂ ಕಳೆಯಲಿ ಎಂದು.

ಹೋದ ಸೋಮವಾರ ಆ ಜಗುಲಿಗೆ ಶರ್ಫುನ್ನೀಸಾ ಬಂದರು. ಕಮರ್ಷಿಯಲ್ ಸ್ಟ್ರೀಟಿನ ಒಂದು ದರ್ಜಿ ಅಂಗಡಿಗೆ ಮನೆಯಲ್ಲೇ ಕೂತು ಕೋಟುಗಳಿಗೆ ಗುಂಡಿಮನೆ, ಅಂದರೆ ಕಾಜಾ, ಹೊಲಿದುಕೊಡುವ ಹಿರಿಯ ಹೆಂಗಸು ಅವರು. ಜೊತೆಗೆ ಕರೆತಂದಿದ್ದು ಮಗಳ ಮಗಳು ಜಹನಾರಾಳನ್ನು. ಹಾಲು ಒಗ್ಗದ ಹುಡುಗಿ ಇವಳೇ. ಕೈಯಲ್ಲಿ ತಮ್ಮ ಶಾಖೆಯ ನೋಟೀಸು.

"ಮುನ್ಷಿಜೀ, ಇದ್ರಲ್ಲಿ ಏನ್ ಬರ್ದಿದಾರೆ ಓದ್ರಿ. ಸ್ಕೂಲ್ನಲ್ಲಿ ಹುಡ್ಗೀಗೆ ಬನ್ನೂ ಇಲ್ಲ, ಏನೂ ಇಲ್ಲ ಅಂತಾರೆ. ಇವ್ಳು ಏನ್ ಗುನಾಹ್ ಮಾಡಿದಾಳೆ ಅಂತ ಕೇಳ್ರಿ."

"ಹಾಲು ಕುಡಿಯಲ್ವಾ ಇವಳು?"

"ಮನೇಲಿ ಚಾಯ್ ಕೂಡ ಕಾಲೀ ಚಾಯ್ ಕೊಡ್ತೀವಿ ಮುನ್ಷಿಜೀ. ಕೂಸಾಗಿದ್ದಾಗಿಂದ ಹಂಗೇ. ಇವಳ ಅಮ್ಮನಿಗೂ ದೂದ್ ಆಗಲ್ಲ, ನಂಗೂ ಆಗಲ್ಲ. ನಾವು ಬದ್ಕಿಲ್ವಾ?"

ಬದುಕಿದ್ದಾರೆ. ಅರವತ್ತು ದಾಟಿದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ. ಆದರೆ ಅದಕ್ಕೆ ಪ್ರಮಾಣಪತ್ರ ಇಲ್ಲವಾದ್ದರಿಂದ ತಮ್ಮ ಶಾಖೆ ಅದನ್ನು ಒಪ್ಪುವಂತಿಲ್ಲ.

ಓದುಗರಿಗೂ ತಿಳಿಯಲೆಂದು ತಮ್ಮ ನಿಯಮಾವಳಿಯ ಏಳನೇ ಕಲಮನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತೇನೆ: "ಹಾಲನ್ನು ನಿರಾಕರಿಸುವ ಮಗುವಿಗೆ ವೈದ್ಯನ ಪ್ರಮಾಣಪತ್ರವಿಲ್ಲದೆ ಬದಲಿ ಕೊಡತಕ್ಕದ್ದಲ್ಲ. ಬದಲಿಯು ಅನುಬಂಧದಲ್ಲಿ ಕಾಣಿಸಿದವುಗಳ ಪೈಕಿ ಒಂದಾಗಿರತಕ್ಕದ್ದು. ಸತತ ಮೂರು ದಿನ ನಿರಾಕರಿಸಿದಲ್ಲಿ ಹೆಸರನ್ನು ಪಟ್ಟಿಯಿಂದ ತೆಗೆಯತಕ್ಕದ್ದು." ಎಷ್ಟು ಚೊಕ್ಕವಾಗಿದೆ ನೋಡಿ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಇದನ್ನು ಬರೆದವನ ಕೈಗೆ ಬಂಗಾರದ ಕಡಗ ತೊಡಿಸಬೇಕು. ಆ ಮಹಾನುಭಾವ ಯಾರೆಂಬುದನ್ನು ಮುಂದೆ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿರಲಿ.

ಮೊದಲು ಈ ಹುಡುಗಿಯ ಕಥೆ. ಜೂನ್ ತಿಂಗಳಿಂದ ಜುಲೈ ಕೊನೆಯವರೆಗೂ ಜಹನಾರಾ ದಿನಾ ಹಾಲು ಕುಡಿದಿದ್ದಾಳೆ. ತಮ್ಮ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ "ಕುಡಿದಳು, ಕುಡಿದಳು, ಕುಡಿದಳು" ಎಂದು ಸಾಲಾಗಿ ಬರೆದಿದೆ. ಏಕೆ ಕುಡಿದಳು? ಹಾಲಿನ ಲೋಟ ಖಾಲಿ ಮಾಡಿ ತೋರಿಸಿದವರಿಗೆ ಮಾತ್ರ ಬನ್ನು ಎಂಬುದು ತಮ್ಮ ಆರನೇ ಕಲಮು. ಬೆಳಿಗ್ಗೆ ಕರಿ ಚಹಾ ಕುಡಿದು ಬಂದ ಮಗುವಿಗೆ ಹನ್ನೊಂದು ಗಂಟೆಯ ಬನ್ನು ಎಂದರೆ ಏನೆಂದು ತಮಗೆ ವಿವರಿಸಬೇಕೇ? ಬನ್ನಿಗಾಗಿ ಹಾಲು ಕುಡಿದಳು, ಹಾಲಿಗಾಗಿ ಮಧ್ಯಾಹ್ನವೆಲ್ಲ ನರಳಿದಳು. ತಮ್ಮ ರಿಜಿಸ್ಟರಿನಲ್ಲಿ ಮೂರೇ ಅಂಕಣ: ಕುಡಿದಳು, ನಿರಾಕರಿಸಿದಳು, ಗೈರುಹಾಜರು. ನರಳಿದಳು ಎಂಬುದಕ್ಕೆ ಅಂಕಣವೇ ಇಲ್ಲ. ಅಂಕಣವಿಲ್ಲದ್ದು ನಡೆದಿರುವುದಾದರೂ ಹೇಗೆ?

ಆಗಸ್ಟಿನಲ್ಲಿ ಅವಳ ತರಗತಿಯ ಉಪಾಧ್ಯಾಯಿನಿ ಶಾಂತಕುಮಾರಿಯವರು ಇದನ್ನು ಗಮನಿಸಿದರು. ಗಣಿತದ ಪಾಠದಲ್ಲಿ ದಿನಾ ಬಗ್ಗಿ ಕೂರುವ ಹುಡುಗಿಯನ್ನು ಮೊದಲು ಸೋಮಾರಿ ಎಂದು ಗದರಿಸಿದ್ದರಂತೆ. ಅದನ್ನು ನನ್ನೆದುರು ಹೇಳುವಾಗ ಅವರ ಕಣ್ಣು ಒದ್ದೆಯಾಯಿತು. ಆಮೇಲೆ ಹಾಲು ಕಾಯಿಸುವ ಮುನಿವೆಂಕಟಮ್ಮನನ್ನು ಕರೆದು ಏನಾದರೂ ಮಾಡಲಾಗುತ್ತದೆಯೇ ಎಂದು ಕೇಳಿದರು. ಹಲಸೂರು ಕೆರೆಯ ಆಚೆಯ ಹಳ್ಳಿಯಿಂದ ನಡೆದು ಬರುವ ಮುನಿವೆಂಕಟಮ್ಮ ಮಾರನೆಯ ದಿನವೇ ಮನೆಯಿಂದ ಸೆರಗಿನಲ್ಲಿ ರಾಗಿ ಹಿಟ್ಟು ಕಟ್ಟಿಕೊಂಡು ಬಂದಳು. ಬೆಲ್ಲದ ಚೂರನ್ನು ಶಾಂತಕುಮಾರಿಯವರು ತಂದರು. ಸರ್ಕಾರದ ಒಲೆ ಹೇಗೂ ಉರಿಯುತ್ತಿತ್ತು. ಗಂಜಿಯಾಯಿತು. ಬನ್ನು ಅದರಲ್ಲಿ ಅದ್ದಿಕೊಂಡು ಹುಡುಗಿ ತಿಂದಳು. ಆ ಮಧ್ಯಾಹ್ನ ಜಹನಾರಾ ಏಳರ ಮಗ್ಗಿಯನ್ನು ನಿಂತುಕೊಂಡು ಒಪ್ಪಿಸಿದಳು ಎಂದು ಉಪಾಧ್ಯಾಯಿನಿ ಈಗಲೂ ಖುಷಿಯಿಂದ ಹೇಳುತ್ತಾರೆ.

ಆದರೆ ಶಾಂತಕುಮಾರಿಯವರಿಗೆ ಒಂದು ಕೆಟ್ಟ ಚಾಳಿಯಿದೆ. ಅವರು ಸುಳ್ಳು ಬರೆಯುವುದಿಲ್ಲ. ಹಾಲು ಕುಡಿಯಲಿಲ್ಲವಾದ್ದರಿಂದ ರಿಜಿಸ್ಟರಿನಲ್ಲಿ "ನಿರಾಕರಿಸಿದಳು" ಎಂದು ಬರೆದರು. ಒಂದು ದಿನ, ಎರಡು ದಿನ, ಮೂರು ದಿನ. ನಾಲ್ಕನೆಯ ದಿನ ತಮ್ಮ ಇನ್‌ಸ್ಪೆಕ್ಟರು ಸೈಕಲ್ ಒರಗಿಸಿ ಒಳಗೆ ಬಂದರು. ಕುಡಿದು ನರಳಿದ ಐವತ್ತು ದಿನ ಯಾರೂ ಬರಲಿಲ್ಲ. ಗಂಜಿ ಕುಡಿದು ನಗುತ್ತಿದ್ದ ನಾಲ್ಕನೆಯ ದಿನಕ್ಕೆ ಸರಿಯಾಗಿ ಸರ್ಕಾರ ಎಚ್ಚೆತ್ತುಕೊಂಡಿತು.

"ಇದೇನಮ್ಮ ಇದು, ಕಂದು ಬಣ್ಣದ್ದು?"

"ರಾಗಿ ಗಂಜಿ ಸ್ವಾಮಿ."

"ಲಿಸ್ಟ್‌ನಲ್ಲಿ ಇದ್ಯಾ?"

"ಯಾವ ಲಿಷ್ಟು? ಕೂಸಿಗೆ, ಬಾಣಂತಿಗೆ, ಮುದುಕ್ರಿಗೆ ಎಲ್ಲಾರ್ಗೂ ಆಯ್ತದೆ. ನಿಮ್ ಲಿಷ್ಟಿಗೆ ಯಾಕ್ ಆಗಾಕಿಲ್ಲ ಸ್ವಾಮಿ?"

ಈ ಪ್ರಶ್ನೆಗೆ ಇನ್‌ಸ್ಪೆಕ್ಟರು "ಅನಧಿಕೃತ ಪದಾರ್ಥ, ಕಂದು ಬಣ್ಣ, ಸುಮಾರು ಒಂದು ಸೇರು, ಸ್ಥಳದಲ್ಲಿಯೇ ನಾಶಪಡಿಸಲಾಯಿತು" ಎಂದು ಬರೆದು ಉತ್ತರಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಹುಡುಗಿ ಎಂಟು ವರ್ಷದವಳಂತೆ ಕಾಣುವುದಿಲ್ಲ, ಚಿಕ್ಕವಳಿದ್ದಾಳೆ ಎಂದು ಅನುಮಾನ ಬಂದು, ಬಾಯಿ ತೆರೆಸಿ ಹಲ್ಲು ನೋಡಿದರು. ಮುಂದಿನ ಎರಡು ಹಲ್ಲು ಅರ್ಧಂಬರ್ಧ ಬೆಳೆದಿದ್ದುದರಿಂದ "ವಯಸ್ಸು ಸಂಶಯಾಸ್ಪದ" ಎಂದು ಸೇರಿಸಿದರು. ಆಮೇಲೆ ಕೆಂಪು ಶಾಯಿ.

ಹಲ್ಲು ನೋಡಿದ್ದು ಅವರ ತಪ್ಪಲ್ಲ. ತಮ್ಮ ನಾಲ್ಕನೇ ಕಲಮು ಹಾಗೆ ಹೇಳುತ್ತದೆ: "ವಯಸ್ಸಿನ ಬಗ್ಗೆ ಸಂಶಯವುಂಟಾದಲ್ಲಿ ಬಾಯಿ ತೆರೆಸಿ ಹಲ್ಲುಗಳಿಂದ ನಿರ್ಧರಿಸತಕ್ಕದ್ದು." ಎರಡು ವರ್ಷದಿಂದ ದಂಡಿನ ಶಾಲೆಗಳಲ್ಲಿ ಉಪಾಧ್ಯಾಯಿನಿಯರು ತಲೆ ಕೆರೆದುಕೊಳ್ಳುತ್ತಾ ಮಕ್ಕಳ ಬಾಯಿಯೊಳಗೆ ಇಣುಕುತ್ತಿದ್ದಾರೆ. ಜನ್ಮಪತ್ರವಿದೆ, ಶಾಲೆಯ ದಾಖಲೆಯಿದೆ, ಹೆತ್ತ ತಾಯಿಯಿದ್ದಾಳೆ. ಹಲ್ಲನ್ನು ಏಕೆ ನೋಡಬೇಕು ಎಂದು ಒಬ್ಬ ಮುಖ್ಯೋಪಾಧ್ಯಾಯಿನಿ ಬರೆದು ಕೇಳಿದ್ದಕ್ಕೆ, ಇದು ಮಕ್ಕಳ ದಂತಾರೋಗ್ಯದ ಬಗ್ಗೆ ಸರ್ಕಾರಕ್ಕಿರುವ ದೂರದೃಷ್ಟಿಯೆಂದು ತಮ್ಮ ಶಾಖೆ ಒಂದು ಸುತ್ತೋಲೆಯನ್ನೇ ಹೊರಡಿಸಿತು. ಅದನ್ನು ಓದಿದ ದಿನ ನಾನು ಊಟ ಬಿಟ್ಟು ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

ಪ್ರಮಾಣಪತ್ರ ತಂದರೆ ಆಯಿತಲ್ಲ, ಇಷ್ಟು ರಾಮಾಯಣವೇಕೆ ಎನ್ನುತ್ತೀರಿ. ಶರ್ಫುನ್ನೀಸಾ ಹೊಲಿಗೆ ಬಿಟ್ಟು ಮೊಮ್ಮಗಳನ್ನು ಔಷಧಾಲಯಕ್ಕೆ ಕರೆದೊಯ್ದರು. ಡಾಕ್ಟರು ಒಳ್ಳೆಯವರೇ. ನಾಲಗೆ ನೋಡಿದರು, ಹೊಟ್ಟೆ ಅದುಮಿದರು.

"ಮಗು ಗಟ್ಟಿಯಾಗಿದೆಯಲ್ಲ ಅಜ್ಜಿ. ಕಾಯಿಲೆ ಇಲ್ದೋಳಿಗೆ ಕಾಯಿಲೆ ಅಂತ ಹೆಂಗ್ ಬರ್ಕೊಡ್ಲಿ? ಸ್ಕೂಲಲ್ಲಿ ಹಾಲು ಕುಡೀಲಿ, ನೋವು ಬಂದಾಗ ಕರ್ಕೊಂಡ್ ಬನ್ನಿ, ಬರ್ದ್‌ಕೊಡ್ತೀನಿ."

ನ್ಯಾಯವಾದ ಮಾತು, ಪಟ್ಟಿಯಿಂದ ಹೆಸರು ಹೋದವಳಿಗೆ ಹಾಲು ಕೊಡುವವರು ಯಾರೆಂಬುದನ್ನು ಬಿಟ್ಟರೆ. ಆದರೆ ಶಾಲೆಯಲ್ಲಿ ಹಾಲು ಕೊಡುವುದು ಹನ್ನೊಂದಕ್ಕೆ, ನೋವು ಶುರುವಾಗುವುದು ಒಂದರ ಹೊತ್ತಿಗೆ, ಔಷಧಾಲಯದ ಬಾಗಿಲು ಮುಚ್ಚುವುದು ಹನ್ನೆರಡಕ್ಕೆ. ಹಾಗಾದರೆ ಶಾಲೆಯ ಹಾಲನ್ನೇ ಒಂದು ಲೋಟ ಬೆಳಿಗ್ಗೆ ಔಷಧಾಲಯಕ್ಕೆ ಒಯ್ದು ಡಾಕ್ಟರ ಎದುರೇ ಕುಡಿಸೋಣವೆಂದರೆ, ಹಾಲನ್ನು ಶಾಲೆಯ ಆವರಣದಿಂದ ಹೊರಗೆ ಕೊಂಡೊಯ್ಯತಕ್ಕದ್ದಲ್ಲ ಎಂಬುದು ತಮ್ಮ ಒಂಬತ್ತನೇ ಕಲಮು. ಡಾಕ್ಟರೇ ಶಾಲೆಗೆ ಬರಲಿ ಎಂದರೆ ಅದಕ್ಕೆ ತಮ್ಮ ಶಾಖೆಯ ಲಿಖಿತ ಆದೇಶ ಬೇಕು. ಆದೇಶ ಕೊಡಿ ಎಂದು ಕೇಳಿದರೆ, ಮಗುವಿಗೆ ಹಾಲು ಒಗ್ಗುವುದಿಲ್ಲವೆಂಬ ಪ್ರಮಾಣಪತ್ರ ಲಗತ್ತಿಸಿ ಎನ್ನುತ್ತಾರೆ ತಮ್ಮ ಗುಮಾಸ್ತರು. ಶರ್ಫುನ್ನೀಸಾ ಇದನ್ನು ನನಗೆ ಹೇಳುವಾಗ ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಹಾಕಿ ತೋರಿಸಿದರು. ಗುಂಡಿಮನೆ ಹೊಲಿಯುವವರಿಗೆ ದಾರ ಎಲ್ಲಿಂದ ಹೊರಟು ಎಲ್ಲಿಗೆ ಬಂದು ಸೇರುತ್ತದೆಂದು ತಟ್ಟನೆ ತಿಳಿಯುತ್ತದೆ.

ಇಷ್ಟಾದಮೇಲೂ ಒಬ್ಬ ಕರುಣಾಳು ಗುಮಾಸ್ತರು ಅವರಿಗೆ ಒಂದು ದಾರಿ ತೋರಿಸಿದರಂತೆ: ಬದಲಿ ಬೇಕಿದ್ದರೆ ಅನುಬಂಧದಲ್ಲಿರುವುದನ್ನು ನೋಡಿ ಕೇಳಿ, ನಮ್ಮದೇನೂ ಅಡ್ಡಿಯಿಲ್ಲ. ಅನುಬಂಧ ಎಲ್ಲಿದೆ? ಶಾಲೆಯಲ್ಲಿರಬೇಕು. ಶಾಲೆಯಲ್ಲಿ ಕೇಳಿದರೆ ಕಛೇರಿಯಲ್ಲಿರಬೇಕು. ಶಾಂತಕುಮಾರಿಯವರು ತಮ್ಮ ಶಾಖೆಗೆ ಮೂರು ಪತ್ರ ಬರೆದು ಅನುಬಂಧದ ಒಂದು ಪ್ರತಿ ಕೇಳಿದ್ದಾರೆ. ಮೂರಕ್ಕೂ ಒಂದೇ ಉತ್ತರ ಬಂದಿದೆ: "ಅನುಬಂಧದಂತೆ ನಡೆದುಕೊಳ್ಳತಕ್ಕದ್ದು."

ಆ ನೋಟೀಸನ್ನು ನನ್ನ ಜಗುಲಿಯ ಮೇಲೆ ಹರಡಿಕೊಂಡು, ಕನ್ನಡಕ ಹಾಕಿಕೊಂಡು, ಅದರಲ್ಲಿ ಬರೆದಿದ್ದ ಏಳನೇ ಕಲಮನ್ನು ಜೋರಾಗಿ ಓದತೊಡಗಿದೆ. ಅರ್ಧ ಓದುವಷ್ಟರಲ್ಲಿ ಉಳಿದರ್ಧ ಕಾಗದ ನೋಡದೆಯೇ ನನ್ನ ಬಾಯಿಗೆ ಬಂತು. ಶರ್ಫುನ್ನೀಸಾ, "ಅರೇ, ನಿಮ್ಗೆ ಬಾಯಿಪಾಠ ಇದೆಯಲ್ಲ ಮುನ್ಷಿಜೀ!" ಎಂದು ಆಶ್ಚರ್ಯಪಟ್ಟರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅದು ಕೊಳೆಯಾಗಿರಲಿಲ್ಲ.

ಮಾನ್ಯರೇ, ಬಂಗಾರದ ಕಡಗ ತೊಡಿಸಬೇಕಾದ ಕೈ ಇದೇ. ಏಳನೇ ಕಲಮನ್ನು ಬರೆದವನು ನಾನು.

ಬರೆದೆ ಎಂದರೆ ಅದೂ ಸುಳ್ಳು. ನಕಲು ಮಾಡಿದೆ. ಅದು ನಡೆದದ್ದು ಹೀಗೆ. ನಲವತ್ತಾರನೆಯ ಇಸವಿಯಲ್ಲಿ, ಊರಿಗೆ ಊರೇ ರೇಷನ್ ಚೀಟಿ ಹಿಡಿದು ನಿಂತಿದ್ದಾಗ, ಹಾಲಿನ ಪುಡಿಯ ಡಬ್ಬಗಳು ನಮ್ಮ ಕಛೇರಿಯ ವರಾಂಡದಲ್ಲಿ ಬಂದು ಬಿದ್ದವು. ಆಗಿನ ಇಂಗ್ಲಿಷ್ ದೊರೆ ಊಟ ಮುಗಿಸಿ ಬಂದು, ಶಾಲೆಗಳಿಗೆ ಹಂಚುವುದಕ್ಕೆ ಕಾಯಿದೆ ಬೇಕು, ಸಂಜೆ ಟಪಾಲಿಗೆ ಹೋಗಬೇಕು ಎಂದರು. ಆಗ ಗಂಟೆ ಎರಡೂವರೆ. ನಮ್ಮ ಕಛೇರಿಯಲ್ಲಿ ಏನನ್ನಾದರೂ ಹೊಸದಾಗಿ ಬರೆಯುವುದೆಂದರೆ ಅಶುಭ. ಯಾವುದೇ ಕರಡಿಗೂ ಹಿಂದಿನ ಒಂದು ಕಡತದ ಆಧಾರ ಬೇಕು. ಆಧಾರವಿದ್ದರೆ ತಪ್ಪಾದರೂ ಅದು ಹಿಂದಿನವರ ತಪ್ಪಾಗುತ್ತದೆ. ಮಕ್ಕಳಿಗೆ ಹಾಲು ಕೊಟ್ಟ ಆಧಾರ ಯಾವ ಕಪಾಟಿನಲ್ಲೂ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಆಹಾರ ಕೊಡುವುದರ ಬಗ್ಗೆ ನನಗೆ ಸಿಕ್ಕಿದ್ದು ಒಂದೇ ಒಂದು ಕಡತ: ಕಸದ ಗಾಡಿಗಳನ್ನು ಎಳೆಯುತ್ತಿದ್ದ ಕುದುರೆಗಳಿಗಾಗಿ ಮಾಡಿದ "ಲಾಯದ ಮೇವಿನ ನಿಯಮಾವಳಿ." ಅದನ್ನೂ ಯಾರೋ ಪಲ್ಟನ್ನಿನ ಕುದುರೆಗಳ ಕಾಯಿದೆಯಿಂದ ನಕಲು ಮಾಡಿದ್ದರು. ಕುದುರೆಗಳು ಹೋಗಿ ಲಾರಿಗಳು ಬಂದು ಎಷ್ಟೋ ವರ್ಷವಾಗಿತ್ತು. ಕಡತ ಮಾತ್ರ ಕಟ್ಟುಮಸ್ತಾಗಿತ್ತು.

ಕುದುರೆ ಎಂದಿದ್ದಲ್ಲಿ ಮಗು ಎಂದು ಬರೆದೆ. ಮೇವು ಎಂದಿದ್ದಲ್ಲಿ ಹಾಲು. ಲಾಯ ಎಂದಿದ್ದಲ್ಲಿ ಶಾಲೆ. ಪಶುವೈದ್ಯ ಎಂಬುದರಲ್ಲಿ ಪಶುವನ್ನು ಹೊಡೆದುಹಾಕಿದೆ. ನಾಲ್ಕೂವರೆಯೊಳಗೆ ಇಂಗ್ಲಿಷಿನ ಪ್ರತಿ, ಐದಕ್ಕೆ ಕನ್ನಡದ ಪ್ರತಿ ಸಿದ್ಧ. ಆ ಅವಸರದಲ್ಲಿ ಹಲ್ಲಿನ ಕಲಮನ್ನು ಹೊಡೆದುಹಾಕಲು ಮರೆತೆ. ಕುದುರೆಯ ವಯಸ್ಸನ್ನು ಹಲ್ಲು ನೋಡಿ ಹೇಳುತ್ತಾರಲ್ಲ, ಅದೇ. ದೊರೆ ನನ್ನ ಬೆನ್ನು ತಟ್ಟಿದರು. ಚಲುವಯ್ಯ, ಇಷ್ಟು ಚೆನ್ನಾದ ಡ್ರಾಫ್ಟ್ ನಾನು ನೋಡೇ ಇಲ್ಲ ಎಂದರು. ನಾನೂ ನಂಬಿದೆ. ಆ ಸಂಜೆ ಮನೆಗೆ ಮಲ್ಲಿಗೆ ಹೂ ತೆಗೆದುಕೊಂಡು ಹೋದೆ, ಅಷ್ಟು ಸಂತೋಷವಾಗಿತ್ತು.

ಆಮೇಲೆ ದೊರೆ ಹಡಗು ಹತ್ತಿದರು. ಬಾವುಟ ಬದಲಾಯಿತು. ಕಛೇರಿಯ ಗೋಡೆಯ ಮೇಲಿನ ಪಟ ಬದಲಾಯಿತು, ಬಾಗಿಲಿನ ಫಲಕ ಬದಲಾಯಿತು, ತಾವು ಬಂದಿರಿ. ಕುದುರೆಯ ಕಾಯಿದೆ ಮಾತ್ರ ಕದಲಲಿಲ್ಲ. ದಂತಾರೋಗ್ಯದ ಸುತ್ತೋಲೆ ಬರೆದವರು ಒಮ್ಮೆಯಾದರೂ ಎದ್ದು ಹೋಗಿ ಹಳೆಯ ಕಪಾಟು ತೆರೆದು ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಬರೆದದ್ದನ್ನು ಪ್ರಶ್ನಿಸುವುದಕ್ಕಿಂತ ಅದಕ್ಕೊಂದು ಘನವಾದ ಅರ್ಥ ಹಚ್ಚುವುದು ಸುಲಭ. ನನಗೆ ಗೊತ್ತು, ಮೂವತ್ತೊಂದು ವರ್ಷ ನಾನೂ ಅದನ್ನೇ ಮಾಡಿದೆ.

ಇನ್ನು ಅನುಬಂಧದ ವಿಷಯ. ತಮ್ಮ ಶಾಖೆ ಎರಡು ವರ್ಷದಿಂದ ಎಲ್ಲರಿಗೂ ಅದರತ್ತ ಬೆರಳು ತೋರಿಸುತ್ತಿದೆ, ಹುಡುಕಿ ತಮಗೆ ಸುಸ್ತಾಗಿರಬೇಕು. ಇನ್ನು ಹುಡುಕಬೇಡಿ. ಅದು ಇಲ್ಲವೇ ಇಲ್ಲ. ಕುದುರೆಗಳ ಕಡತದಲ್ಲಿ ಅನುಬಂಧವಿತ್ತು: ಬೂಸಾ, ಹುರುಳಿ, ಹಸಿಹುಲ್ಲು. ಅದನ್ನು ಮಕ್ಕಳಿಗೆ ಬರೆಯುವಂತಿರಲಿಲ್ಲ. ಏನು ಬರೆಯಲಿ ದೊರೆ ಎಂದು ಕೇಳಿದೆ. ಆಮೇಲೆ ನೋಡೋಣ ಎಂದರು. ಆ "ಆಮೇಲೆ" ಇನ್ನೂ ಬಂದಿಲ್ಲ. ಆದ್ದರಿಂದ ತಮ್ಮ ಇನ್‌ಸ್ಪೆಕ್ಟರು ಯಾವ ಪಟ್ಟಿಯಲ್ಲಿಲ್ಲವೆಂದು ಗಂಜಿಯನ್ನು ಚೆಲ್ಲಿಸಿದರೋ ಆ ಪಟ್ಟಿಯಲ್ಲಿ ಏನೂ ಇಲ್ಲ. ಅಮೃತ ತಂದು ಕೊಟ್ಟಿದ್ದರೂ ಅನಧಿಕೃತ ಪದಾರ್ಥವೇ ಆಗುತ್ತಿತ್ತು.

ನನ್ನ ಹೊಟ್ಟೆ ಉರಿಯುವುದು ಇಷ್ಟಕ್ಕೇ ಅಲ್ಲ. ನಕಲು ಮಾಡಿದ್ದಕ್ಕೆ ನಾಚಿಕೆಯಾಗುತ್ತದೆ, ನಿಜ. ಆದರೆ ನಕಲು ಮಾಡದೆ ಬಿಟ್ಟದ್ದನ್ನು ನೆನೆದರೆ ಅನ್ನ ಸೇರುವುದಿಲ್ಲ. ಆ ಲಾಯದ ನಿಯಮಾವಳಿಯ ಏಳನೇ ಕಲಮಿನಲ್ಲಿ ಇನ್ನೂ ಎರಡು ವಾಕ್ಯಗಳಿದ್ದವು. ಒಂದು: "ಮೇವು ಬಿಟ್ಟ ಕುದುರೆಯನ್ನು ಪಶುವೈದ್ಯನು ಅದೇ ದಿನ ಲಾಯಕ್ಕೆ ಬಂದು ಅದು ನಿಂತಲ್ಲಿಯೇ ಪರೀಕ್ಷಿಸತಕ್ಕದ್ದು." ಇನ್ನೊಂದು: "ಹೆಸರು ತೆಗೆಯುವ ಮುನ್ನ ಹದಿನಾಲ್ಕು ದಿನ ಬೇರೆ ಬೇರೆ ಮೇವು ಕೊಟ್ಟು ನೋಡತಕ್ಕದ್ದು, ಆ ಅವಧಿಯಲ್ಲಿ ಅದನ್ನು ಹಸಿವಿನಲ್ಲಿ ನಿಲ್ಲಿಸತಕ್ಕದ್ದಲ್ಲ." ಶಾಲೆಗಳಿಗೆ ಹೋಗುವ ಡಾಕ್ಟರ ಹುದ್ದೆಯೇ ಇರಲಿಲ್ಲವಾದ್ದರಿಂದ ಮೊದಲನೆಯದನ್ನು ಹೊಡೆದೆ. ಹಾಳೆಯ ಕೊನೆಗೆ ಜಾಗ ಸಾಲದೆ ಎರಡನೆಯದನ್ನು ಹೊಡೆದು, ಹದಿನಾಲ್ಕು ದಿನವನ್ನು ಮೂರು ಮಾಡಿದೆ. ಮೂರು ಎಂದರೆ ಸಾಲಿನಲ್ಲಿ ಹಿಡಿಯುತ್ತಿತ್ತು, ಅಷ್ಟೇ ಕಾರಣ. ಹಾಗಾಗಿ ಈ ದಂಡಿನಲ್ಲಿ ಕಸದ ಗಾಡಿಯ ಕುದುರೆಗಿದ್ದ ಎರಡು ವಾರದ ಕನಿಕರ ಜಹನಾರಾಳಿಗೆ ಸಿಗಲಿಲ್ಲ.

ತಮ್ಮ ಕಡೆಯ ವಾದಗಳೂ ನನಗೆ ಗೊತ್ತಿವೆ, ಅವನ್ನೂ ನಾನೇ ಬರೆದುಕೊಡಬಲ್ಲೆ. ಹಾಲು ಪರಿಪೂರ್ಣ ಆಹಾರ, ಗಂಜಿ ಅದಕ್ಕೆ ಸಮವಲ್ಲ ಎನ್ನುತ್ತೀರಿ. ಇರಬಹುದು. ಹೊಟ್ಟೆಯಲ್ಲಿ ನಿಲ್ಲದ ಪರಿಪೂರ್ಣತೆಯನ್ನು ಇಟ್ಟುಕೊಂಡು ಮಗು ಏನು ಮಾಡಬೇಕು? ಒಬ್ಬಳಿಗೆ ಬದಲಿ ಕೊಟ್ಟರೆ ನಾಳೆ ಎಲ್ಲರೂ ಬದಲಿ ಕೇಳುತ್ತಾರೆ ಎನ್ನುತ್ತೀರಿ. ಸ್ವಾಮಿ, ಹಾಲು ಒಗ್ಗುವ ಮಕ್ಕಳು ಹಾಲಿಗಾಗಿ ಹೇಗೆ ಮುಗಿಬೀಳುತ್ತಾರೆಂದು ಒಂದು ದಿನ ಹನ್ನೊಂದು ಗಂಟೆಗೆ ಹೋಗಿ ನೋಡಿ. ಲೋಟದ ತಳಕ್ಕೆ ಬೆರಳು ಹಾಕಿ ನೆಕ್ಕುತ್ತಾರೆ. ಅವರು ಯಾರೂ ಅದನ್ನು ಬಿಟ್ಟು ಮುನಿವೆಂಕಟಮ್ಮನ ಗಂಜಿಗೆ ಅರ್ಜಿ ಹಾಕುವುದಿಲ್ಲ. ರಾಗಿಗೆ ಸರ್ಕಾರದಲ್ಲಿ ಖರ್ಚಿನ ಬಾಬ್ತು ಇಲ್ಲ ಎನ್ನುತ್ತೀರಿ. ಅವಳು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾಳಲ್ಲ, ತಮ್ಮನ್ನು ಯಾರು ಕೇಳಿದರು? ತಾವು ಕೊಡಬೇಕಾಗಿದ್ದದ್ದು ರಾಗಿಯಲ್ಲ, ಅದನ್ನು ಮೋರಿಗೆ ಚೆಲ್ಲದಿರುವ ಸೌಜನ್ಯ ಮಾತ್ರ.

ಈಗ ಹನ್ನೊಂದು ಗಂಟೆಗೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿಲ್ಲದ ಮಕ್ಕಳು ಹಾಲಿನ ಚಪ್ಪರದಲ್ಲಿ ಇರತಕ್ಕದ್ದಲ್ಲವಾದ್ದರಿಂದ, ಜಹನಾರಾ ಅಂಗಳದ ಹೊಂಗೆಮರದ ಕೆಳಗೆ ಒಬ್ಬಳೇ ನಿಲ್ಲುತ್ತಾಳೆ. ಶಾಂತಕುಮಾರಿಯವರು ತಮ್ಮ ಡಬ್ಬಿಯಿಂದ ಏನಾದರೂ ಕೊಡಲು ಹೋದರೆ ಬೇಡ ಎನ್ನುತ್ತಾಳಂತೆ. ತನ್ನಿಂದಾಗಿ ಟೀಚರಿಗೂ ಮುನಿವೆಂಕಟಮ್ಮನಿಗೂ ಬೈಗುಳವಾಯಿತು ಎಂಬುದು ಅವಳ ಲೆಕ್ಕಾಚಾರ. ಎಂಟು ವರ್ಷದವಳಿಗೆ ಇಷ್ಟು ತಿಳಿಯುತ್ತದೆ ಮಾನ್ಯರೇ. ಹಲ್ಲು ನೋಡಿದರೆ ಇದು ಕಾಣುವುದಿಲ್ಲ.

ನಾನು ಸೋಮವಾರ ಆ ಅರ್ಜಿ ಬರೆಯಲಿಲ್ಲ. ಲೇಖನಿ ಅದ್ದಿ ಕೂತೆ, "ಮಹಾಸ್ವಾಮಿಯವರ ಸನ್ನಿಧಾನಕ್ಕೆ" ಎಂದು ಬರೆದೆ, ಮುಂದೆ ಹೋಗಲಿಲ್ಲ. ನನ್ನ ಕಾಯಿದೆಯ ವಿರುದ್ಧ ನಾನೇ ಯಾರ ಕಾಲು ಹಿಡಿಯಲಿ? ಕೈ ನಿಂತದ್ದನ್ನು ನೋಡಿ, ಅದುವರೆಗೂ ಅಜ್ಜಿಯ ಬುರ್ಖಾ ಹಿಡಿದು ನಿಂತಿದ್ದ ಜಹನಾರಾ ಜಗುಲಿಯ ಹತ್ತಿರ ಬಂದಳು. ನನ್ನ ಕಿವಿಯ ಹತ್ತಿರ ಬಾಯಿ ತಂದು, ಅಜ್ಜಿಗೆ ಕೇಳದ ಹಾಗೆ ಹೇಳಿದಳು:

"ತಾತಾ, ನಾನು ಹಾಲು ಕುಡ್ದುಬಿಡ್ತೀನಿ ಅಂತ ಬರೀರಿ. ಹೆಸರು ಹಾಕ್ಸಿಕೊಡಿ. ನೋವು ಬಂದ್ರೆ ಹೇಳಲ್ಲ."

ಮೂವತ್ತೊಂದು ವರ್ಷದಲ್ಲಿ ನಾನು ಸಾವಿರಾರು ಅರ್ಜಿ ಓದಿದ್ದೇನೆ. ಇಷ್ಟು ಚಿಕ್ಕದನ್ನು ಓದಿರಲಿಲ್ಲ. ಇದಕ್ಕೆ ತಮ್ಮ ಶಾಖೆ ಸಂತೋಷದಿಂದ ಮಂಜೂರಾತಿ ಕೊಡುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮಗು ಕುಡಿಯುತ್ತದೆ, ಅಂಕಣ ತುಂಬುತ್ತದೆ, ನೋವನ್ನು ಯಾರೂ ಹೇಳುವುದಿಲ್ಲ. ಕಾಯಿದೆಗೆ ಇದಕ್ಕಿಂತ ಹೆಚ್ಚಿನ ಯಶಸ್ಸು ಬೇಕೇ? ಹಾಗೆ ಬರೆದುಕೊಡಲು ನನ್ನಿಂದ ಆಗಲಿಲ್ಲ. ಅದರ ಬದಲು ಇದನ್ನು ಬರೆದಿದ್ದೇನೆ. ಸರ್ಕಾರದ ಗುಟ್ಟು ಬಯಲು ಮಾಡಿದನೆಂದು ನನ್ನ ಮೇಲೆ ಏನು ಕ್ರಮ ಜರುಗಿಸಬೇಕೋ ಜರುಗಿಸಿ. ಅದಕ್ಕೆ ಆಧಾರ ಯಾವ ಕಡತದಲ್ಲಿದೆ ಎಂದು ಬೇಕಿದ್ದರೆ ನಾನೇ ತೋರಿಸುತ್ತೇನೆ.

ಕೊನೆಗೆ ನನ್ನ ಬೇಡಿಕೆ. ಜಹನಾರಾಳ ಹೆಸರನ್ನು ನಾಳೆ ಹನ್ನೊಂದು ಗಂಟೆಯೊಳಗೆ ಪಟ್ಟಿಗೆ ಮತ್ತೆ ಸೇರಿಸಿ. ಮುನಿವೆಂಕಟಮ್ಮನ ಪಾತ್ರೆಯನ್ನು ಅದರ ಪಾಡಿಗೆ ಬಿಡಿ. ನಾನು ಹೊಡೆದುಹಾಕಿದ ಆ ಎರಡು ವಾಕ್ಯಗಳನ್ನು ಏಳನೇ ಕಲಮಿಗೆ ವಾಪಸು ತನ್ನಿ. ಮೂಲ ಕಡತ ಹಳೆಯ ಕಪಾಟಿನ ಕೆಳಗಿನ ಖಾನೆಯಲ್ಲಿ, ಎಡಗಡೆ, ಇಲಿ ಕಡಿದ ಅಂಚಿನದು. ಮಕ್ಕಳನ್ನು ಮಕ್ಕಳಂತೆ ನೋಡಿ ಎಂದು ಕೇಳಿ ತಮ್ಮನ್ನು ಗಾಬರಿಪಡಿಸುವುದಿಲ್ಲ; ಅದಕ್ಕೆ ತಮ್ಮ ಕಛೇರಿಯಲ್ಲಿ ಯಾವ ಹಿಂದಿನ ಆಧಾರವೂ ಇಲ್ಲ. ಸದ್ಯಕ್ಕೆ ಕುದುರೆಗಳಂತೆ ನೋಡಿದರೆ ಸಾಕು. ಅದಕ್ಕೆ ಕಡತವಿದೆ.

ದೊರೆ ಆಮೇಲೆ ನೋಡೋಣ ಎಂದು ಬಿಟ್ಟುಹೋದ ಅನುಬಂಧವನ್ನು ಎರಡು ವರ್ಷ ತಡವಾಗಿ ಇದರೊಂದಿಗೆ ಲಗತ್ತಿಸಿದ್ದೇನೆ. ಈ ಬಾರಿ ಎಲ್ಲಿಂದಲೂ ನಕಲು ಮಾಡಿಲ್ಲ.

ಇಂತಿ,
ತಮ್ಮ ಏಳನೇ ಕಲಮಿನ ಕರ್ತೃ, ಅದರ ಮೊದಲ ಫಿರ್ಯಾದುದಾರನೂ ಆದ
ಚಲುವಯ್ಯ,
ನಿವೃತ್ತ ಕರಡು ಗುಮಾಸ್ತ

ಅನುಬಂಧ
(ಏಳನೇ ಕಲಮಿನಲ್ಲಿ ಹೇಳಿದ್ದು)

ರಾಗಿ ಗಂಜಿ, ಬೆಲ್ಲ ಹಾಕಿದ್ದು, ಒಂದು ಲೋಟ. ಜೊತೆಗೆ ಬನ್ನು. ಕೇಳಿದ ಮಗುವಿಗೆ ಕೇಳಿದ ದಿನವೇ ಕೊಡತಕ್ಕದ್ದು. ನೋವಿದೆಯೇ ಎಂದು ಮಗುವನ್ನೇ ಕೇಳತಕ್ಕದ್ದು. ಅದು ಹೇಳಿದ್ದನ್ನು ನಂಬತಕ್ಕದ್ದು.